ಕೆರೆಯ ಮೇಲಿನ ಕಛೇರಿ

ಹಾಡು ಕೇಳುವುದಕ್ಕೆಂದೇ ರೈಲು ಹತ್ತುವ ಜನ ನಮ್ಮಲ್ಲಿ ಈಗಲೂ ಇದ್ದಾರೆ. ಧನುರ್ಮಾಸ ಹತ್ತಿರವಾಗುತ್ತಿದ್ದಂತೆ ಬೆಂಗಳೂರು, ಮೈಸೂರುಗಳ ಎಷ್ಟೋ ಮನೆಗಳಲ್ಲಿ ಅಟ್ಟದಿಂದ ಒಂದು ಚೀಲ ಕೆಳಗಿಳಿಯುತ್ತದೆ. ನಾಲ್ಕು ಬಟ್ಟೆ, ಹಾಲ್‌ಗಳ ಎ.ಸಿ. ಚಳಿಗೆ ಒಂದು ಶಾಲು, ಪತ್ರಿಕೆಯಿಂದ ಕತ್ತರಿಸಿಟ್ಟ ಕಛೇರಿಗಳ ಪಟ್ಟಿ. ಚೆನ್ನೈಯವರು ಈ ದಿನಗಳನ್ನು ಬರೀ ‘ಸೀಸನ್’ ಎನ್ನುತ್ತಾರೆ. ಯಾವುದರ ಸೀಸನ್ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. ಬೆಳಿಗ್ಗೆ ಎಂಟಕ್ಕೆ ಉಪನ್ಯಾಸ, ಹತ್ತಕ್ಕೆ ಹುಡುಗರ ಹಾಡುಗಾರಿಕೆ, ಮಧ್ಯಾಹ್ನ ಸಭಾದ ಕ್ಯಾಂಟೀನಿನಲ್ಲಿ ಬಾಳೆ ಎಲೆ ಊಟ, ಸಂಜೆ ದೊಡ್ಡವರ ಕಛೇರಿ. ಮೈಲಾಪುರ, ತಿಯಾಗರಾಯನಗರ, ತಿರುವಲ್ಲಿಕ್ಕೇಣಿ ಎಲ್ಲ ಕಡೆ ಒಟ್ಟಿಗೇ ನಡೆಯುತ್ತಿರುತ್ತವೆ. ಒಂದನ್ನು ಕೇಳಬೇಕೆಂದರೆ ಐದನ್ನು ಬಿಡಬೇಕು.

1927ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ಅದರ ಜೊತೆಗೆ ಒಂದು ಸಂಗೀತ ಸಮ್ಮೇಳನವೂ ನಡೆಯಿತು. ಅದರ ಫಲವಾಗಿ ಮರುವರ್ಷ ಮ್ಯೂಸಿಕ್ ಅಕಾಡೆಮಿ ಹುಟ್ಟಿತು, ಡಿಸೆಂಬರ್ ಸಂಗೀತದ ತಿಂಗಳಾಯಿತು. ಆ ವೇದಿಕೆಗೆ ನಮ್ಮವರೂ ಋಣಿಗಳು, ಅದೂ ನಮ್ಮವರಿಗೆ ಋಣಿ. ಮೈಸೂರು ವಾಸುದೇವಾಚಾರ್ಯರು, ಪಿಟೀಲು ಚೌಡಯ್ಯನವರು, ವೀಣೆ ದೊರೆಸ್ವಾಮಿ ಅಯ್ಯಂಗಾರರು, ಆರ್.ಕೆ. ಶ್ರೀಕಂಠನ್ ಅವರು ಅಲ್ಲಿ ಸಂಗೀತ ಕಲಾನಿಧಿಗಳಾದರು. ವಾಸುದೇವಾಚಾರ್ಯರಂತೂ ಇಳಿವಯಸ್ಸಿನಲ್ಲಿ ಕಲಾಕ್ಷೇತ್ರದಲ್ಲಿ ಪಾಠ ಹೇಳುತ್ತ ಅಲ್ಲಿಯೇ ಕಣ್ಣು ಮುಚ್ಚಿದರು. ಇನ್ನು ಆ ಊರಿನಲ್ಲಿ ಸಂಗೀತ ಕಲಿಯುವ ಪ್ರತಿ ಮಗುವೂ ಮೊದಲು ಬಾಯಿ ತೆರೆಯುವುದು ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಸರಳೆವರಸೆಗೆ.

2015ರಲ್ಲಿ ಮಾತ್ರ ಹೋಗುವುದೋ ಬೇಡವೋ ಎಂದು ಬಹಳ ಯೋಚಿಸಿದೆ. ಆ ವರ್ಷದ ಹಿಂಗಾರು ನವೆಂಬರ್ ಒಂದೇ ತಿಂಗಳಿನಲ್ಲಿ ಚೆನ್ನೈಯ ಮೇಲೆ 1,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಸಿತ್ತು. ಬೆಂಗಳೂರಿಗೆ ವರ್ಷವಿಡೀ ಬೀಳುವ ಮಳೆ ಅದು. 1918ರ ನಂತರ ಅಂಥ ನವೆಂಬರನ್ನು ಆ ಊರು ಕಂಡಿರಲಿಲ್ಲ. ಕೆರೆಗಳೆಲ್ಲ ತುಂಬಿ, ಮಣ್ಣು ಇನ್ನೊಂದು ಹನಿ ಕುಡಿಯಲಾರದ ಸ್ಥಿತಿಯಲ್ಲಿದ್ದಾಗ ಡಿಸೆಂಬರ್ 1 ಬಂತು. ಮರುದಿನ ಬೆಳಗಿನ ಹೊತ್ತಿಗೆ ತಾಂಬರಂನಲ್ಲಿ 49 ಸೆಂಟಿಮೀಟರ್, ಚೆಂಬರಂಬಾಕ್ಕಂನಲ್ಲಿ 47 ಸೆಂಟಿಮೀಟರ್ ಮಳೆ. ಆ ರಾತ್ರಿ ಚೆಂಬರಂಬಾಕ್ಕಂ ಜಲಾಶಯದಿಂದ 29,000 ಕ್ಯುಸೆಕ್‌ವರೆಗೆ ನೀರನ್ನು ಅಡ್ಯಾರ್ ನದಿಗೆ ಬಿಟ್ಟರು. ನದಿಯ ಎರಡೂ ದಂಡೆಯ ಬಡಾವಣೆಗಳಲ್ಲಿ ಜನ ಮಲಗಿದ್ದರು. ಡಿಸೆಂಬರ್ 2ರಂದು ‘ದಿ ಹಿಂದೂ’ ಪತ್ರಿಕೆ ಚೆನ್ನೈಯಲ್ಲಿ ಅಚ್ಚಾಗಲಿಲ್ಲ. ಕೆಲಸದವರಿಗೆ ಮುದ್ರಣಾಲಯ ತಲುಪಲಾಗಲಿಲ್ಲ. 1878ರಲ್ಲಿ ಪತ್ರಿಕೆ ಹುಟ್ಟಿದ ಮೇಲೆ ಹಾಗಾದದ್ದು ಅದೇ ಮೊದಲು. ವಿಮಾನ ನಿಲ್ದಾಣ ದಿನಗಟ್ಟಲೆ ಮುಚ್ಚಿತು. ಆ ಮಳೆಗಾಲದಲ್ಲಿ ತಮಿಳುನಾಡಿನಲ್ಲಿ 400ಕ್ಕೂ ಹೆಚ್ಚು ಜನ ಸತ್ತರು.

ಅಶೋಕನಗರದಲ್ಲಿ ನನ್ನ ದೊಡ್ಡಮ್ಮನ ಮಗಳು ಅಕ್ಕ ಇದ್ದಾಳೆ. ಮದುವೆಯಾಗಿ ಹೋದಾಗ ಅದು ಮದ್ರಾಸು, ಈಗ ಚೆನ್ನೈ. ಅವಳ ಕನ್ನಡದಲ್ಲಿ ತಮಿಳು ಸೇರಿ ಈಗ ಎರಡನ್ನೂ ಬಿಡಿಸಲಾಗದು. ಮನೆಯಲ್ಲಿಯೇ ಹಾಡುಗಾರಿಕೆ, ವೀಣೆ ಪಾಠ ಹೇಳುತ್ತಾಳೆ. ಫೋನು ಸಿಕ್ಕಿದ ದಿನ ಹಿಂಜರಿಯುತ್ತಲೇ ಕೇಳಿದೆ, ಈ ವರ್ಷ ಬರಲೇ ಬೇಡವೇ ಎಂದು. “ಬಾರೋ. ಹಾಸಿಗೆ ಇಲ್ಲ, ಚಾಪೆ ಇದೆ. ಕೈ ಬೇಕು ನಮಗೆ, ಒಂದು ಜೊತೆ ಕೈ ಜಾಸ್ತಿ ಆಗುತ್ತೆ” ಎಂದಳು.

ಅರಕ್ಕೋಣಂ ದಾಟಿದ ಮೇಲೆ ರೈಲಿನ ಎರಡೂ ಬದಿಗೆ ನೀರೇ ನೀರು. ಕೆರೆಗಳು ಕೋಡಿ ಬಿದ್ದು ಗದ್ದೆಗಳ ಮೇಲೆ ಹರಿಯುತ್ತಿದ್ದವು. ಕಾವೇರಿಯ ವಿಷಯದಲ್ಲಿ ಇಷ್ಟು ವರ್ಷ ಎರಡು ರಾಜ್ಯಗಳು ಆಡಿದ ಮಾತೆಲ್ಲ ನೀರಿನ ಕೊರತೆಯದು. ಆ ಡಬ್ಬಿಯಲ್ಲಿ ಕೂತ ತಮಿಳರೂ ಕನ್ನಡಿಗರೂ ಒಟ್ಟಿಗೇ ಕಿಟಕಿಯಾಚೆ ನೋಡುತ್ತ ಮಾತಿಲ್ಲದೆ ಇದ್ದೆವು. ಬೆಂಗಳೂರಿನಿಂದ ಕಂಬಳಿ, ಬಿಸ್ಕತ್ತು, ನೀರಿನ ಬಾಟಲಿಗಳ ಲಾರಿಗಳು ಆ ಊರಿಗೆ ಹೋಗಿ ಬಂದ ದಿನಗಳು ಅವು.

ಅಕ್ಕನ ಬೀದಿಯಲ್ಲಿ ಪ್ರತಿ ಮನೆಯ ಮುಂದೆಯೂ ಮನೆಯೊಳಗಿನದೆಲ್ಲ ಬಿದ್ದಿತ್ತು. ನೆನೆದು ಉಬ್ಬಿದ ಹತ್ತಿ ಹಾಸಿಗೆ, ಪ್ಲೈವುಡ್ ಬಿಚ್ಚಿಕೊಂಡ ಬೀರು, ಟಿ.ವಿ., ಮಿಕ್ಸಿ, ಮದುವೆಯ ಆಲ್ಬಮ್ಮು. ಬೀದಿಯ ತುಂಬ ಬ್ಲೀಚಿಂಗ್ ಪುಡಿಯ ವಾಸನೆ. ಮೂಲೆಯ ಮೆಕ್ಯಾನಿಕ್ ಅಂಗಡಿಯ ಮುಂದೆ ಸ್ಕೂಟರು, ಬೈಕುಗಳು ಎರಡು ಬೀದಿ ಉದ್ದಕ್ಕೆ ಸಾಲು ನಿಂತಿದ್ದವು. ತಾರಸಿಗಳ ಮೇಲೆ ಶಾಲಾ ಪುಸ್ತಕಗಳನ್ನು ಹಾಳೆ ಹಾಳೆ ಬಿಡಿಸಿ ಒಣಗಿಸುತ್ತಿದ್ದರು. ಮಾರ್ಕ್ಸ್ ಕಾರ್ಡು, ಪಟ್ಟಾ, ರೇಷನ್ ಕಾರ್ಡು ಕಳೆದುಕೊಂಡವರಿಗೆ ಸರ್ಕಾರ ವಿಶೇಷ ಶಿಬಿರಗಳನ್ನು ತೆರೆದಿತ್ತು. ಭಾವ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗಿ ಸಾಲಿನಲ್ಲಿ ನಿಲ್ಲುತ್ತಿದ್ದರು. ಕಸ ತೆಗೆಯುತ್ತಿದ್ದವರಲ್ಲಿ ಹೆಚ್ಚಿನವರು ಬೇರೆ ಜಿಲ್ಲೆಗಳಿಂದ ಬಂದ ಪೌರಕಾರ್ಮಿಕರು. ಕೆಲವರ ಕೈಗೆ ಗವಸು ಇತ್ತು, ಕೆಲವರಿಗೆ ಇರಲಿಲ್ಲ. ರಾತ್ರಿ ಕಲ್ಯಾಣ ಮಂಟಪವೊಂದರ ನೆಲದ ಮೇಲೆ ಮಲಗಿ, ಬೆಳಗಾಗುವ ಮುಂಚೆ ಆ ಕೊಳೆತ ರಾಶಿಗಳಿಗೆ ಮತ್ತೆ ಕೈ ಹಾಕುತ್ತಿದ್ದರು. ಆ ಊರು ಎದ್ದು ನಿಂತಿತು ಎಂದು ಆಮೇಲೆ ಎಲ್ಲರೂ ಬರೆದರು. ಅದನ್ನು ಎತ್ತಿ ನಿಲ್ಲಿಸಿದ ಕೈಗಳಲ್ಲಿ ಮೊದಲಿನವು ಇವು ಎನ್ನುವುದನ್ನು ಕಣ್ಣಾರೆ ಕಂಡ ನಾನು ಬರೆಯದಿದ್ದರೆ ತಪ್ಪು.

ಅಕ್ಕನ ಮನೆಯ ಗೋಡೆಯ ಮೇಲೆ ನೀರು ನಿಂತ ಗುರುತು ನನ್ನ ಎದೆಮಟ್ಟಕ್ಕಿತ್ತು. ಎಷ್ಟು ತೊಳೆದರೂ ಆ ಕಂದು ಗೆರೆ ಹೋಗಿರಲಿಲ್ಲ. ನೀರು ಮೊದಲು ಬಂದದ್ದು ಬಾಗಿಲಿನಿಂದಲ್ಲ, ಬಚ್ಚಲಿನ ತೂತಿನಿಂದ ಎಂದಳು. ಕರೆಂಟು ಹೋಗಿ ಹೊತ್ತಾಗಿತ್ತು. ದೇವರ ಪೆಟ್ಟಿಗೆ, ಕಾಗದ ಪತ್ರದ ಒಂದು ಚೀಲ, ಭಾವನ ಮಾತ್ರೆ ಹಿಡಿದುಕೊಂಡು ಮೇಲಿನ ಮನೆಗೆ ಓಡಿದರು. ಮಂಚದ ಮೇಲೆ ಟ್ರಂಕು, ಟ್ರಂಕಿನ ಮೇಲೆ ವೀಣೆ ಇಟ್ಟು ಹೋದಳು. ಮಂಚವೇ ತೇಲಿತು.

ಮಹಡಿಯ ಒಂದು ಮನೆಯಲ್ಲಿ ಐದು ಸಂಸಾರ. “ಕತ್ತಲಲ್ಲಿ ಹಾಡಿಕೊಂಡಿರಾ ಅಕ್ಕ?” ಎಂದು ಕೇಳಿದೆ. ಹಾಡು ಗೊತ್ತಿದ್ದವರು ಕಷ್ಟದಲ್ಲಿ ಹಾಡುತ್ತಾರೆ ಎಂದು ನಾವೆಲ್ಲ ನಂಬಿರುತ್ತೇವಲ್ಲ. ಅವಳು ನನ್ನ ಮುಖವನ್ನೇ ನೋಡಿದಳು. “ಹಾಡೋದಾ? ಕುಡಿಯೋಕೆ ನೀರಿರಲಿಲ್ಲ ಕಣೋ. ಸುತ್ತ ನೀರು, ಒಂದು ಲೋಟ ಕುಡಿಯೋಕಿಲ್ಲ. ಆ ಸಣ್ಣ ಮಗು ಅಳ್ತಿತ್ತು, ಅದರ ಅಮ್ಮ ಅಳ್ತಿದ್ದಳು. ಎರಡು ದಿನ ಶ್ರುತಿಯೇ ತಲೆಗೆ ಬರಲಿಲ್ಲ ನನಗೆ.” ಮೂರನೇ ದಿನ ಬೀದಿಯಲ್ಲಿ ದೋಣಿ ಬಂತು. ಎಲ್ಲಿಂದ ಬಂದಿರಪ್ಪ ಎಂದರೆ, ಕಡಲಿನಿಂದ ಎಂದರಂತೆ.

ಊರಿನ ಸ್ಥಿತಿ ಹೀಗಿರುವಾಗ ಸೀಸನ್ ನಡೆಸಬೇಕೇ ಎನ್ನುವ ವಾದ ಆಗ ಜೋರಾಗಿತ್ತು. ಸಾವಿನ ಮನೆಯಲ್ಲಿ ಹಬ್ಬವೇ ಎಂದು ಕೆಲವರು. ಕೆಲವು ಕಾರ್ಯಕ್ರಮಗಳು ರದ್ದಾದವು, ಕೆಲವು ಮುಂದಕ್ಕೆ ಹೋದವು, ಹಲವು ಕಲಾವಿದರು ತಮ್ಮ ಸಂಭಾವನೆಯನ್ನು ನೆರೆ ಪರಿಹಾರಕ್ಕೆ ಕೊಟ್ಟರು. ಅಕಾಡೆಮಿಯ ಸಮ್ಮೇಳನ ನಡೆಯಿತು. ಆ ವರ್ಷದ ಸಂಗೀತ ಕಲಾನಿಧಿ ಸಂಜಯ್ ಸುಬ್ರಹ್ಮಣ್ಯನ್. ನಡೆಸಿದ್ದು ಸರಿ ಎಂದು ನಾನು ಅಂದೂ ನಂಬಿದ್ದೆ, ಇಂದೂ ನಂಬಿದ್ದೇನೆ. ಅದಕ್ಕೆ ಕಾರಣ ಸಂಗೀತ ಗಾಯ ಮಾಯಿಸುತ್ತದೆ ಎನ್ನುವ ಮಾತಲ್ಲ. ಕಛೇರಿ ಎಂದರೆ ವೇದಿಕೆಯ ನಡುವೆ ಕೂತವರು ಒಬ್ಬರೇ ಅಲ್ಲ. ಪಕ್ಕದ ಪಿಟೀಲಿನವರು, ಘಟದವರು, ಹಿಂದೆ ತಂಬೂರಿ ಮೀಟುವ ಹುಡುಗಿ, ಮೈಕಿನವರು, ಕ್ಯಾಂಟೀನಿನಲ್ಲಿ ದೋಸೆ ಹುಯ್ಯುವವರು, ಬಾಗಿಲಲ್ಲಿ ಮಲ್ಲಿಗೆ ಮಾರುವ ಹೆಂಗಸು, ರಾತ್ರಿ ಒಂಬತ್ತೂವರೆಗೆ ಕಾಯುವ ಆಟೋದವರು. ಅವರಲ್ಲಿ ಎಷ್ಟೋ ಜನಕ್ಕೆ ವರ್ಷದ ಸಂಪಾದನೆಯ ದೊಡ್ಡ ಪಾಲು ಈ ಒಂದು ತಿಂಗಳಿನದು. ಅವರ ಮನೆಗಳಿಗೂ ನೀರು ನುಗ್ಗಿತ್ತು. ದುಃಖ ಸೂಚಿಸಲು ಅವರ ದುಡಿಮೆಯನ್ನೇ ನಿಲ್ಲಿಸುವುದು ನ್ಯಾಯವೆಂದು ನನಗೆ ತೋರಲಿಲ್ಲ.

ಅಕ್ಕ ಇಷ್ಟೆಲ್ಲ ವಾದ ಮಾಡಲಿಲ್ಲ. “ನಾಲ್ಕೂವರೆ ಕಛೇರಿಗೆ ಹೊರಡಬೇಕು, ಬೇಗ ನೆಲ ಒರೆಸು” ಎಂದಳು.

ತಿಯಾಗರಾಯನಗರದ ಆ ಹಾಲಿನಲ್ಲಿ ಎಂದಿನಷ್ಟು ಜನ ಇರಲಿಲ್ಲ. ಅಮೆರಿಕದಿಂದ ಬರುವವರು ಟಿಕೆಟ್ ರದ್ದು ಮಾಡಿದ್ದರು. ಬಂದವರಲ್ಲಿ ಕೆಲವರು ಸೀರೆ, ಪಂಚೆಯ ಬದಲು ಸಾಧಾರಣ ಬಟ್ಟೆಯಲ್ಲಿದ್ದರು. ಉಳಿದಿದ್ದದ್ದು ಅಷ್ಟೇ ಇರಬೇಕು. ಮೃದಂಗದವರು ಕಲ್ಲು, ಮರದ ಕಡ್ಡಿ ಹಿಡಿದು ಬಹಳ ಹೊತ್ತು ಮುಚ್ಚಿಗೆಯ ಅಂಚಿಗೆ ಬಡಿಯುತ್ತಲೇ ಇದ್ದರು. ಆ ತೇವಕ್ಕೆ ಚರ್ಮ ಶ್ರುತಿಗೆ ನಿಲ್ಲುತ್ತಿರಲಿಲ್ಲ. ಎರಡು ಕೀರ್ತನೆಗಳ ನಡುವೆ ಮತ್ತೆ ಬಡಿಯಬೇಕಾಯಿತು. ಹಾಡುವವರು ಅವಸರ ಮಾಡದೆ ಕಾದರು, ಸಭೆಯೂ ಕಾಯಿತು.

ನಮ್ಮ ಪಕ್ಕದಲ್ಲಿ ಅಕ್ಕನಿಗೆ ಪರಿಚಯದ ಮಾಮಾ ಒಬ್ಬರು ಕೂತಿದ್ದರು. ವಯಸ್ಸು ಎಂಬತ್ತರ ಮೇಲೆ. ಕೈಯಲ್ಲಿ ಹೊಸ ನೋಟುಪುಸ್ತಕ. ಚೆನ್ನೈಯ ರಸಿಕರಿಗೆ ಇದೊಂದು ಅಭ್ಯಾಸ. ಕಛೇರಿಯ ದಿನಾಂಕ, ಸಭಾ, ಹಾಡಿದವರು, ಪಕ್ಕವಾದ್ಯದವರು. ಅದರ ಕೆಳಗೆ ಕ್ರಮವಾಗಿ ಕೃತಿ, ರಾಗ, ತಾಳ, ರಚಿಸಿದವರು. ನೆರವಲ್ ಎಲ್ಲಿ ತೆಗೆದರು, ಸ್ವರ ಎಲ್ಲಿ ಹಾಕಿದರು ಎನ್ನುವುದಕ್ಕೆ ಅಂಚಿನಲ್ಲಿ ಗುರುತು. ಈ ಮಾಮಾ ಕಾಲೇಜು ಓದುವಾಗಿನಿಂದ ಬರೆದಿದ್ದರಂತೆ. ಜಿ.ಎನ್.ಬಿ., ಮಧುರೆ ಮಣಿ ಅಯ್ಯರ್, ಸೆಮ್ಮಂಗುಡಿ, ಎಂ.ಎಲ್. ವಸಂತಕುಮಾರಿ ಎಲ್ಲರೂ ಅದರಲ್ಲಿದ್ದರು. ಕೋಟ್ಟೂರ್‌ಪುರದ ನೆಲಮಹಡಿಯ ಮನೆ. ಅಡ್ಯಾರ್ ನದಿ ಕೂಗಳತೆಯ ದೂರ. ಟ್ರಂಕಿನಲ್ಲಿಟ್ಟ ನೋಟುಪುಸ್ತಕಗಳು ಒಂದೂ ಉಳಿಯಲಿಲ್ಲ. ಶಾಯಿ ಪೂರ್ತಿ ಕದಡಿಹೋಗಿ ಹಾಳೆಗಳು ನೀಲಿ ಮುದ್ದೆಯಾಗಿದ್ದವು ಎಂದರು.

ವಿರಾಮದಲ್ಲಿ ಕಾಫಿ ಕುಡಿಯುವಾಗ ಅವರು ಹೊಸ ಪುಸ್ತಕವನ್ನು ತೋರಿಸಿದರು. ಮುಂದಿನಿಂದ ಆ ವರ್ಷದ ಕಛೇರಿಗಳು. ಹಿಂದಿನಿಂದ, ಪುಸ್ತಕವನ್ನು ತಲೆಕೆಳಗು ಮಾಡಿ, ಹಳೆಯವನ್ನು ಬರೆಯಲು ಶುರುಮಾಡಿದ್ದರು. ಎಲ್ಲವನ್ನೂ ಅಲ್ಲ, ನೆನಪಿದ್ದವನ್ನು. ದಿನಾಂಕ ಸಿಗದಿದ್ದರೆ ವರ್ಷ, ವರ್ಷವೂ ಸಿಗದಿದ್ದರೆ ಆ ದಿನ ಯಾರ ಜೊತೆ ಹೋಗಿದ್ದರು ಎನ್ನುವುದು. ಎಂ.ಎಲ್.ವಿ. ಕೊನೆಯಲ್ಲಿ ಹಾಡಿದ ದಾಸರ ಪದವನ್ನು ನನಗೆ ಹಾಡಿಯೇ ತೋರಿಸಿದರು, ಯಾವ ಚರಣಕ್ಕೆ ಯಾವ ರಾಗ ಎಂದು ಬಿಡಿಸಿ ಬಿಡಿಸಿ. ಕನ್ನಡ ಅವರಿಗೆ ಬರುವುದಿಲ್ಲ. ಒಂದು ಅಕ್ಷರವೂ ತಪ್ಪಲಿಲ್ಲ. ಗೆಳೆಯರು ತಮ್ಮ ನೋಟುಪುಸ್ತಕಗಳನ್ನು ತಂದು ಕೊಡುತ್ತಿದ್ದಾರೆ, ಒಟ್ಟಿಗೆ ಕೂತು ಕೇಳಿದ ಕಛೇರಿಗಳೆಲ್ಲ ಅವುಗಳಲ್ಲಿ ಸಿಗುತ್ತಿವೆ ಎಂದು ಬಹಳ ಸಂತೋಷದಿಂದ ಹೇಳಿದರು. ಒಬ್ಬರು ಮೈಸೂರಿನಿಂದ ಅಂಚೆಯಲ್ಲಿ ಕಳಿಸಿದ್ದರು.

ಈ ಸಂಗೀತ ಉಳಿದು ಬಂದಿರುವುದೇ ಹೀಗೆ. ಮುತ್ತುಸ್ವಾಮಿ ದೀಕ್ಷಿತರ ಕೃತಿಗಳು ಅವರ ಮನೆತನದಲ್ಲಿ ಬಾಯಿಂದ ಬಾಯಿಗೆ ಬಂದು, 1904ರಲ್ಲಿ ಸುಬ್ಬರಾಮ ದೀಕ್ಷಿತರು ‘ಸಂಗೀತ ಸಂಪ್ರದಾಯ ಪ್ರದರ್ಶಿನಿ’ಯಲ್ಲಿ ಸ್ವರ ಹಾಕಿ ಅಚ್ಚು ಮಾಡಿಸುವವರೆಗೆ ಶಿಷ್ಯರ ಗಂಟಲಲ್ಲಿ ಇದ್ದವು. ತ್ಯಾಗರಾಜರ ಕೃತಿಗಳನ್ನು ಕಾಪಾಡಿದವರು ಅವರ ಶಿಷ್ಯರು. ಇನ್ನೂರು ವರ್ಷದ ಹಿಂದಿನ ಒಂದು ರಾಗದಲ್ಲಿ ನಿಷಾದವನ್ನು ಎಷ್ಟು ಅಲುಗಿಸಬೇಕು ಎನ್ನುವುದಕ್ಕೆ ಆ ಹಾಲಿನಲ್ಲಿ ಕೂತ ಅರ್ಧ ಜನ ಸಾಕ್ಷಿ ಹೇಳಬಲ್ಲರು. ತಪ್ಪಿದರೆ ಅವರ ತಲೆ ತೂಗುವುದು ನಿಲ್ಲುತ್ತದೆ.

ಅದೇ ಜನ ಕೂತಿದ್ದ ಕುರ್ಚಿಯ ಕೆಳಗೆ ನೂರು ವರ್ಷದ ಹಿಂದೆ ಕೆರೆಯಿತ್ತು. ಇದನ್ನು ನಾನು ಅಲಂಕಾರಕ್ಕೆ ಹೇಳುತ್ತಿಲ್ಲ. ಮದ್ರಾಸಿನ ಪಶ್ಚಿಮಕ್ಕೆ ನುಂಗಂಬಾಕ್ಕದಿಂದ ಸೈದಾಪೇಟೆಯ ಕಡೆಗೆ ಚಾಚಿಕೊಂಡ ದೊಡ್ಡ ಕೆರೆಯೊಂದಿತ್ತು. ಬ್ರಿಟಿಷರು ಅದನ್ನು ಲಾಂಗ್ ಟ್ಯಾಂಕ್ ಎಂದರು. ಊರು ಬೆಳೆಯಲು ಜಾಗ ಬೇಕೆಂದು 1920ರ ದಶಕದಲ್ಲಿ ಅದರ ನೀರನ್ನು ಬಸಿದು ತಿಯಾಗರಾಯನಗರವನ್ನು ಕಟ್ಟಿದರು. ಕೃಷ್ಣ ಗಾನ ಸಭಾ, ವಾಣಿ ಮಹಲ್ ಎರಡೂ ಆ ಬಡಾವಣೆಯಲ್ಲಿವೆ. ನುಂಗಂಬಾಕ್ಕದಲ್ಲಿ ಉಳಿದಿದ್ದ ಕೆರೆಯ ಜಾಗದಲ್ಲಿ 1970ರ ದಶಕದಲ್ಲಿ ವಳ್ಳುವರ್ ಕೋಟ್ಟಂ ಎದ್ದಿತು. ಪಕ್ಕದ ರಸ್ತೆಗೆ ಈಗಲೂ ಟ್ಯಾಂಕ್ ಬಂಡ್ ರೋಡ್ ಎಂದೇ ಹೆಸರು. ಏರಿ ಇಲ್ಲ, ಕೆರೆ ಇಲ್ಲ. ದಕ್ಷಿಣದಲ್ಲಿ ಮಳೆನೀರನ್ನು ಹೀರಿಕೊಳ್ಳುತ್ತಿದ್ದ ಪಳ್ಳಿಕ್ಕರಣೈ ಜೌಗು ಹತ್ತರಲ್ಲಿ ಒಂದು ಪಾಲಿನಷ್ಟಕ್ಕೆ ಕುಗ್ಗಿ, ಕಳೆದುಹೋದ ಜಾಗದ ಮೇಲೆ ಐ.ಟಿ. ಕಚೇರಿಗಳು, ವಸತಿಗಳು, ಊರಿನ ಕಸದ ಗುಡ್ಡ ಬಂದವು. ಬಕಿಂಗ್‌ಹ್ಯಾಮ್ ಕಾಲುವೆಯ ಒಡಲಲ್ಲಿ ಮೇಲ್ಸೇತುವೆ ರೈಲಿನ ಕಂಬಗಳನ್ನು ನೆಟ್ಟರು. ವಿಮಾನ ನಿಲ್ದಾಣದ ಎರಡನೇ ರನ್‌ವೇಯನ್ನು ಅಡ್ಯಾರ್ ನದಿಯ ಮೇಲೆಯೇ ಚಾಚಿದರು. 2018ರಲ್ಲಿ ತಮಿಳುನಾಡು ವಿಧಾನಸಭೆಯ ಮುಂದೆ ಬಂದ ಮಹಾಲೇಖಪಾಲರ ವರದಿ ಈ ನೆರೆಯನ್ನು ಮನುಷ್ಯರೇ ತಂದುಕೊಂಡ ವಿಪತ್ತು ಎಂದಿತು.

ಬೆಂಗಳೂರಿನವನಾದ ನನಗೆ ಚೆನ್ನೈಯತ್ತ ಬೆರಳು ತೋರಿಸುವ ಹಕ್ಕಿಲ್ಲ. ಧರ್ಮಾಂಬುಧಿಯಲ್ಲಿ ನಮ್ಮ ಬಸ್ ನಿಲ್ದಾಣವಿದೆ, ಸಂಪಂಗಿ ಕೆರೆಯಲ್ಲಿ ಕ್ರೀಡಾಂಗಣವಿದೆ. ಕೋಡಿ, ತೂಬು, ರಾಜಕಾಲುವೆ ಎನ್ನುವ ಮಾತುಗಳನ್ನು ನಮ್ಮ ಅಜ್ಜಂದಿರು ದಿನಾ ಆಡುತ್ತಿದ್ದರು. ಒಂದು ಕೆರೆ ತುಂಬಿದರೆ ಕೋಡಿಯ ನೀರು ಯಾವ ಊರಿನ ಕೆರೆಗೆ ಹೋಗುತ್ತದೆ ಎನ್ನುವುದು ನೀರುಗಂಟಿಗೆ ಬಾಯಿಪಾಠ. ಅದೂ ಬಾಯಿಂದ ಬಾಯಿಗೆ ಬಂದ ವಿದ್ಯೆಯೇ. ಹಾಡಿಗೆ ಶಿಷ್ಯರು ಸಿಕ್ಕರು, ಅದಕ್ಕೆ ಸಿಗಲಿಲ್ಲ. ನನ್ನನ್ನು ಆ ಸಂಜೆಯಿಂದ ಇಂದಿನವರೆಗೆ ಕಾಡುತ್ತಿರುವುದು ಇದೊಂದೇ. ಗಮಕದ ಒಂದು ಎಳೆಯನ್ನು ತಲೆಮಾರುಗಳ ಕಾಲ ಕಳೆಯದೆ ಕಾಪಾಡಿದ ಜನ, ಮೈಲಿಗಟ್ಟಲೆ ಉದ್ದದ ಕೆರೆಯನ್ನು ಎರಡು ತಲೆಮಾರಿನಲ್ಲಿ ಹೇಗೆ ಮರೆತರು? ಅದೇ ಊರಿನ ನಾಲ್ಕು ಜಲಾಶಯಗಳು 2019ರ ಬೇಸಿಗೆಯಲ್ಲಿ ಒಣಗಿ, ಜೋಲಾರ್‌ಪೇಟೆಯಿಂದ ರೈಲಿನಲ್ಲಿ ಕುಡಿಯುವ ನೀರು ತರಬೇಕಾಯಿತು. 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದಾಗ ಬೀದಿಗಳಲ್ಲಿ ಮತ್ತೆ ದೋಣಿ ಓಡಿದವು. ಹಿಡಿದಿಡುವ ಜಾಗ ಹೋದ ಮೇಲೆ ಬರವೂ ನೆರೆಯೂ ಒಂದೇ ಮನೆಯವು.

ಅಮೃತವರ್ಷಿಣಿಯ ಕತೆ ಎಲ್ಲರಿಗೂ ಗೊತ್ತು. ದೀಕ್ಷಿತರು ಎಟ್ಟಯಪುರದ ಕಡೆ ಹೋಗುವಾಗ ಬಿರುಕು ಬಿಟ್ಟ ಹೊಲಗಳನ್ನು ಕಂಡು ಆ ರಾಗದಲ್ಲಿ ಹಾಡಿದರು, ಮಳೆ ಬಂತು. ಕತೆಯ ಉಳಿದರ್ಧವನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ. ಮಳೆ ನಿಲ್ಲದೆ ನೀರು ಏರತೊಡಗಿದಾಗ ಅವರೇ ಮತ್ತೆ ಹಾಡಿ ಸಾಕು ನಿಲ್ಲು ಎಂದು ಬೇಡಿಕೊಂಡರಂತೆ. ಷಡ್ಜ, ಗಾಂಧಾರ, ಪ್ರತಿಮಧ್ಯಮ, ಪಂಚಮ, ನಿಷಾದ, ಐದೇ ಸ್ವರದ ಆ ಬೆಳಕಿನ ರಾಗವನ್ನು ಆ ಡಿಸೆಂಬರಿನಲ್ಲಿ ನಾನು ಕೂತ ಯಾವ ಕಛೇರಿಯಲ್ಲಿಯೂ ಯಾರೂ ಹಾಡಲಿಲ್ಲ. ಮನೆಗೆ ಬರುವಾಗ ಆಟೋದಲ್ಲಿ ಈ ಮಾತು ಬಂತು. “ಮಕ್ಕಳಿಗೆ ಈ ವರ್ಷ ಆ ರಾಗ ಹೇಳಿಕೊಡೋಲ್ಲ” ಎಂದಳು ಅಕ್ಕ. ಸ್ವಲ್ಪ ದೂರ ಹೋದ ಮೇಲೆ, “ಕತೆಯನ್ನ ಪೂರ್ತಿ ಹೇಳಿಕೊಡಬೇಕು. ನಿಲ್ಲಿಸಿದ್ದನ್ನೂ” ಎಂದಳು.

ವೀಣೆ ಪೂರ್ತಿ ಹಾಳಾಗಿತ್ತು. ಹಲಸಿನ ಕೊಡ ಒಡೆದು, ಮೇಣ ಎದ್ದು ಮೆಟ್ಟಿಲುಗಳು ಉದುರಿದ್ದವು. ಅಕ್ಕನ ಶಿಷ್ಯನೊಬ್ಬನ ಮೃದಂಗಕ್ಕಾದರೂ ಜೀವ ಬರಬಹುದು ಎಂದು ಅದನ್ನು ಹಿಡಿದು ಮೈಲಾಪುರದ ಒಂದು ಕೆಲಸದ ಮನೆಗೆ ಹೋದೆವು. ಚಿಕ್ಕ ಕೋಣೆ, ಗೋಡೆಯುದ್ದಕ್ಕೂ ಬಾರು ಬಿಚ್ಚಿದ ಮೃದಂಗಗಳು, ಪ್ರತಿಯೊಂದರ ಮೇಲೂ ಚೀಟಿ. ಬಲಗಡೆಯ ಕಪ್ಪು ಕರಣೆಯನ್ನು ಅನ್ನದ ಜೊತೆ ಅರೆದು, ಒಂದೊಂದೇ ಪದರ ಹಚ್ಚಿ, ಒಣಗಿಸಿ, ಕಲ್ಲಿನಿಂದ ಉಜ್ಜಿ, ಮತ್ತೆ ಹಚ್ಚಬೇಕು. ಹಸು, ಆಡು, ಎಮ್ಮೆಯ ಚರ್ಮಗಳು ಬಿಸಿಲಿಗೆ ಹದವಾಗಬೇಕು. ಬಿಸಿಲೇ ಇರಲಿಲ್ಲ. ಆ ಕೆಲಸದವರು ತೇವದ ಚರ್ಮವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, “ಪೊಂಗಲ್ ಆದ ಮೇಲೆ ಬನ್ನಿ” ಎಂದರು. ಅವರ ಮನೆ ನದಿಯ ದಂಡೆಯಲ್ಲಿತ್ತು; ಹೆಂಡತಿ, ಮಕ್ಕಳು ಊರಿಗೆ ಹೋಗಿದ್ದರು, ಅವರು ಆ ಕೋಣೆಯಲ್ಲಿಯೇ ಮಲಗುತ್ತಿದ್ದರು. ಮೃದಂಗ ಮಾಡುವ ಮನೆತನಗಳಲ್ಲಿ ಬಹಳಷ್ಟು ದಲಿತ ಕ್ರೈಸ್ತರವು. ಸೀಸನ್ನಿನ ಒಂದು ಕಛೇರಿಯೂ ಅವರ ಬೆರಳಿಲ್ಲದೆ ನಡೆಯದು. ಆ ಸಂಜೆ ಯಾವ ಸಭಾಕ್ಕೆ ಹೋಗುತ್ತೀರಿ ಎಂದು ಅವರನ್ನು ಕೇಳಿದೆ. ಸಭಾಕ್ಕೆ ಹೋಗುವುದು ವಾದ್ಯ ತಲುಪಿಸಲು, ಕೂತು ಕೇಳಲು ಅಲ್ಲ ಎಂದರು. ಅದರಲ್ಲಿ ದೂರಿನ ದನಿ ಇರಲಿಲ್ಲ. ಅದೇ ನನಗೆ ತಾಳಲು ಕಷ್ಟವಾಯಿತು.

ಈ ಅಂತರವನ್ನೇ ಪ್ರಶ್ನಿಸುತ್ತಿದ್ದ ಗಾಯಕ ಟಿ.ಎಂ. ಕೃಷ್ಣ ಆ ವರ್ಷದ ಸೀಸನ್ನಿನಲ್ಲಿ ಹಾಡಲಿಲ್ಲ. ಡಿಸೆಂಬರಿನ ಸಭಾಗಳಿಂದ ಹೊರಗುಳಿಯುವುದಾಗಿ ಅವರು ನೆರೆಗೆ ಬಹಳ ಮೊದಲೇ ಹೇಳಿದ್ದರು. ಬೆಸಂಟ್ ನಗರದ ಪಕ್ಕದ ಊರೂರ್-ಆಲ್ಕಾಟ್ ಕುಪ್ಪದಲ್ಲಿ, ಮೀನುಗಾರರ ನಡುವೆ ಒಂದು ಸಂಗೀತೋತ್ಸವವನ್ನು ಅವರೂ ಗೆಳೆಯರೂ ಅದೇ 2015ರ ಆರಂಭದಲ್ಲಿ ಶುರುಮಾಡಿದ್ದರು. ಅವರ ಎಲ್ಲ ಮಾತನ್ನೂ ಒಪ್ಪದ ಅಕ್ಕ ಕೂಡ ಆ ಕುಪ್ಪಕ್ಕೆ ಹೋಗೋಣ ಎಂದಳು. ದೋಣಿಯವರಿಗೆ ಅವಳು ಸರಿಯಾಗಿ ನಮಸ್ಕಾರ ಹೇಳಿರಲಿಲ್ಲ. ಅವರು ಯಾವ ಕುಪ್ಪದವರೋ ಅವಳಿಗೆ ಗೊತ್ತಿರಲಿಲ್ಲ. ಯಾವುದಾದರೂ ಆಗಲಿ ಎಂದಳು.

ಅಡ್ಯಾರ್ ನದಿ ಕಡಲು ಸೇರುವ ಜಾಗ ಅದು. ಊರೊಳಗಿನ ಹಾಸಿಗೆ, ಕುರ್ಚಿ, ಪ್ಲಾಸ್ಟಿಕ್ಕು ಎಲ್ಲವೂ ಹರಿದು ಬಂದು ಮರಳಿನ ಮೇಲೆ ಬಿದ್ದಿದ್ದವು. ಈ ಕುಪ್ಪಗಳಿಗೆ ನೀರಿನ ಪೆಟ್ಟು ಹೊಸದಲ್ಲ. 2004ರ ಡಿಸೆಂಬರ್ 26ರ ಸುನಾಮಿ ಬಂದದ್ದೂ ಸೀಸನ್ನಿನ ನಡುವೆಯೇ. ಬಲೆ ಸರಿಮಾಡುತ್ತಿದ್ದ ಒಬ್ಬರು ನಮ್ಮ ಜೊತೆ ಬಹಳ ಹೊತ್ತು ಮಾತಾಡಿದರು. ಅವರೂ ದೋಣಿ ತಂದಿದ್ದರು, ಕೋಟ್ಟೂರ್‌ಪುರದ ಕಡೆಗೆ. ಬೀದಿಯಲ್ಲಿ ದೋಣಿ ನಡೆಸುವುದು ಕಡಲಿಗಿಂತ ಕಷ್ಟ ಎಂದರು. ನೀರಿನಡಿ ಕಾರು ಇರುತ್ತದೆ, ಕಾಂಪೌಂಡ್ ಗೋಡೆಯ ಮೇಲಿನ ಕಬ್ಬಿಣದ ಮೊಳೆ ಇರುತ್ತದೆ, ಯಾವುದೂ ಕಾಣುವುದಿಲ್ಲ. ಕಡಲಾದರೆ ಅದರ ತಳ ತಮಗೆ ಗೊತ್ತು, ಊರಿನ ತಳ ಗೊತ್ತಿಲ್ಲ. ಅಕ್ಕ ಕೈ ಮುಗಿದು, ತಂದಿದ್ದ ಹಣ್ಣು ಕೊಟ್ಟಳು. ನೀವು ಹಾಡುವವರೇ ಎಂದು ಅವರು ಕೇಳಿದರು. ಹೌದೆಂದಳು. ಹಾಗಾದರೆ ಮುಂದಿನ ಸಲ ಹಬ್ಬ ಇಲ್ಲಿ ನಡೆದಾಗ ಬನ್ನಿ ಎಂದು ಆಮಂತ್ರಿಸಿದರು. ಫೆಬ್ರವರಿಯಲ್ಲಿ ಅದು ಮತ್ತೆ ನಡೆಯಿತು, ಅಕ್ಕ ತನ್ನ ಶಿಷ್ಯರನ್ನು ಕರೆದುಕೊಂಡು ಹೋಗಿ ಮರಳಿನ ಮೇಲೆ ಕೂತು ಕೇಳಿ ಬಂದಳು.

ನಾನು ಹೊರಡುವ ಹಿಂದಿನ ದಿನ ಬಡಗಿ ಬಂದ. ಯಾರೋ ಹಳೆಯ ಶಿಷ್ಯೆ ತನ್ನ ವೀಣೆಯನ್ನು ಅಕ್ಕನಿಗೆ ಕೊಟ್ಟಿದ್ದಳು, ಅದಕ್ಕೆ ಗೋಡೆಯಲ್ಲಿ ಒಂದು ಹಲಗೆ ಬೇಕಿತ್ತು. ಭಾವ ಕಂದು ಗೆರೆಯ ಮೇಲೆ ಮೂರಡಿ ಅಳೆದು ಪೆನ್ಸಿಲಿನಲ್ಲಿ ಗುರುತು ಹಾಕಿದರು. ಬಡಗಿ ಇನ್ನೂ ಅರ್ಧ ಅಡಿ ಏರಿಸೋಣ ಎಂದ. ಮಹಡಿಯ ಮೇಲೆ ಬೇರೆ ಮನೆ ನೋಡುವುದೇ ವಾಸಿ ಎನ್ನುವ ಮಾತೂ ಬಂತು. ಪಾಠಕ್ಕೆ ಬರುವವರಲ್ಲಿ ಇಬ್ಬರು ಅಜ್ಜಿಯರಿದ್ದಾರೆ, ಅವರು ಮೆಟ್ಟಿಲು ಹತ್ತುವುದು ಹೇಗೆ ಎಂದು ಅಕ್ಕ ಅದನ್ನು ಅಲ್ಲಿಗೇ ನಿಲ್ಲಿಸಿದಳು. ಆಮೇಲೆ ಗೋಡೆಯ ಬಳಿ ಹೋಗಿ ನಿಂತು ಎರಡೂ ಕೈ ಮೇಲೆತ್ತಿದಳು. ಭಾವನ ಗುರುತು ಅವಳ ಬೆರಳಿಗೂ ಮೇಲಿತ್ತು. “ದಿನಾ ತೆಗೆಯೋ ವೀಣೆ ಇದು, ಏಣಿ ಹಾಕಿ ಇಳಿಸೋಕಾಗುತ್ತಾ?” ಎಂದು, ಗೆರೆಯಿಂದ ಒಂದೂವರೆ ಗೇಣು ಮೇಲೆ, ತನ್ನ ಕೈ ಸಲೀಸಾಗಿ ತಲುಪುವ ಜಾಗವನ್ನು ತೋರಿಸಿ ಅಲ್ಲಿಯೇ ಮೊಳೆ ಹೊಡೆಸಿದಳು.